ಹಿಂದಿನ ಗಾಲಿಯ ‘ಟಕ್’ ಸದ್ದು: ಸ್ಪ್ರಾಕೆಟ್ ಬಿಚ್ಚಿ, ತೊಳೆದು, ದೋಷ ಹುಡುಕುವ ಕ್ರಮ

ಗೇರ್ ಹಾಕಿ ಆಕ್ಸಿಲರೇಟರ್ ಕೊಟ್ಟ ತಕ್ಷಣ ಹಿಂದಿನ ಗಾಲಿಯ ಕಡೆಯಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಮತ್ತೊಮ್ಮೆ ಬರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಏನೂ ಕೇಳಿಸುವುದಿಲ್ಲ. ಮಲೆನಾಡಿನಲ್ಲಿ ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಬಹಳಷ್ಟು ಬೈಕುಗಳಿಗೆ ಈ ತೊಂದರೆ ಅಂಟಿಕೊಂಡಿರುತ್ತದೆ. ‘ಚೈನ್ ಸೆಟ್ ಹೋಗಿದೆ, ಬದಲಾಯಿಸಿ’ ಎಂಬ ಉತ್ತರ ಎಲ್ಲ ಕಡೆಯೂ ಸಿದ್ಧವಾಗಿರುತ್ತದೆ. ಕೆಲವೊಮ್ಮೆ ಅದು ಸರಿಯೂ ಹೌದು. ಆದರೆ ಹಿಂದಿನ ಸ್ಪ್ರಾಕೆಟ್ ಎಂದರೆ ಹೊರಗೆ ಕಾಣುವ ಹಲ್ಲಿನ ಚಕ್ರವೊಂದೇ ಅಲ್ಲ. ಅದರ ಹಿಂದೆ ಅದನ್ನು ಹೊತ್ತಿರುವ ಕಪ್ಲಿಂಗ್ ಇದೆ, ಕಪ್ಲಿಂಗಿನೊಳಗೆ ಒಂದು ಬೇರಿಂಗ್ ಇದೆ, ಬೇರಿಂಗಿನ ಪಕ್ಕದಲ್ಲಿ ಬುಷ್ ಎಂಬ ಕೊಳವೆಯ ತುಂಡು ಇದೆ, ಹೊರಗೆ ನೀರನ್ನು ತಡೆಯುವ ಆಯಿಲ್ ಸೀಲ್ ಇದೆ, ಕಪ್ಲಿಂಗಿಗೂ ಗಾಲಿಯ ನಡುಭಾಗವಾದ ಹಬ್‌ಗೂ ನಡುವೆ ರಬ್ಬರುಗಳಿವೆ. ಇಷ್ಟರಲ್ಲಿ ಯಾವುದು ಕೆಟ್ಟಿದೆ ಎಂದು ನೋಡದೆ ಹೊರಗಿನ ಚಕ್ರವನ್ನು ಮಾತ್ರ ಬದಲಾಯಿಸಿದರೆ ಹಣ ಹೋಗುತ್ತದೆ, ಸದ್ದು ಉಳಿಯುತ್ತದೆ.

ನನಗೆ ಆದದ್ದೂ ಇದೇ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಗೆ ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರಿನಷ್ಟು ಮಣ್ಣಿನ ದಾರಿಯಿದೆ. ಅದರಲ್ಲಿ ಎರಡು ಕಡೆ ಹಳ್ಳದ ನೀರು ದಾರಿಯ ಮೇಲೆಯೇ ಹರಿಯುತ್ತದೆ. ಸದ್ದು ಶುರುವಾದಾಗ ಒಂದು ಗ್ಯಾರೇಜಿನಲ್ಲಿ ಚೈನ್, ಹಿಂದಿನ ಸ್ಪ್ರಾಕೆಟ್, ಮುಂದಿನ ಸ್ಪ್ರಾಕೆಟ್ ಮೂರನ್ನೂ ಹೊಸದಾಗಿ ಹಾಕಿಸಿ, ಜೊತೆಗೆ ಕಪ್ಲಿಂಗ್ ಬೇರಿಂಗನ್ನೂ ಬದಲಾಯಿಸಿಸಿಕೊಂಡು ಬಂದೆ. ಮೂರನೆಯ ವಾರಕ್ಕೆ ಸದ್ದು ಮರಳಿತು. ಈ ಸಲ ಅದರ ಜೊತೆಗೆ ಗರಗರ ಎಂಬ ಇನ್ನೊಂದು ಸದ್ದೂ ಸೇರಿತ್ತು. ಆಗ ನಾನೇ ಬಿಚ್ಚಿ ನೋಡಿದೆ. ಕಂಡದ್ದನ್ನು ಮುಂದೆ ಅದರ ಜಾಗದಲ್ಲಿ ಹೇಳುತ್ತೇನೆ. ಈ ಬರಹ ಡ್ರಮ್ ಬ್ರೇಕ್ ಇರುವ, ದಿನಬಳಕೆಯ ನೂರರಿಂದ ನೂರೈವತ್ತು ಸಿಸಿ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹಿಂದೆ ಡಿಸ್ಕ್ ಬ್ರೇಕ್ ಇರುವ ಬೈಕುಗಳಲ್ಲಿ ಬ್ರೇಕಿಗೆ ಸಂಬಂಧಿಸಿದ ಕ್ರಮ ಬೇರೆಯಿರುತ್ತದೆ.

ಬಿಚ್ಚುವ ಮೊದಲು ಕೇಳಬೇಕು, ಅಲ್ಲಾಡಿಸಿ ನೋಡಬೇಕು

ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಕೊಟ್ಟರೆ ದೋಷದ ಮುಕ್ಕಾಲು ಭಾಗ ಅಲ್ಲಿಯೇ ತಿಳಿಯುತ್ತದೆ. ಅಂಗಳದ ಮಣ್ಣು ಮೆತ್ತಗಿದ್ದರೆ ಡಬಲ್ ಸ್ಟ್ಯಾಂಡಿನ ಕಾಲು ಹೂತು ಬೈಕ್ ವಾಲುತ್ತದೆ. ಆದ್ದರಿಂದ ಅಡಿಯಲ್ಲಿ ಒಂದು ಗಟ್ಟಿ ಹಲಗೆ ಹಾಕಿ ನಿಲ್ಲಿಸಿ. ಇಂಜಿನ್ ಆಫ್ ಆಗಿರಬೇಕು, ಕೀಲಿ ಕೈ ನಿಮ್ಮ ಜೇಬಿನಲ್ಲಿರಬೇಕು. ಇಂಜಿನ್ ಓಡುತ್ತಿರುವಾಗ ಗೇರಿನಲ್ಲಿ ಗಾಲಿ ತಿರುಗಿಸಿ ಬಟ್ಟೆಯಿಂದ ಚೈನ್ ಒರೆಸುವ ಅಭ್ಯಾಸ ಹಲವರಿಗಿದೆ. ಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿದರೆ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಸಮಯವೂ ಸಿಗುವುದಿಲ್ಲ. ಈ ಒಂದು ಅಭ್ಯಾಸವನ್ನು ದಯವಿಟ್ಟು ಬಿಡಿ.

ಮೊದಲನೆಯ ಪರೀಕ್ಷೆ ರಬ್ಬರಿನದು. ಬೈಕನ್ನು ಮೊದಲನೆಯ ಗೇರಿನಲ್ಲಿಟ್ಟು, ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಇನ್ನೊಬ್ಬರು ಸ್ಪ್ರಾಕೆಟನ್ನೇ ನೋಡುತ್ತಿರಲಿ. ಚೈನಿನ ಸಡಿಲ ಮುಗಿದ ಮೇಲೆ ಸ್ಪ್ರಾಕೆಟ್ ನಿಲ್ಲುತ್ತದೆ. ಆಮೇಲೂ ಗಾಲಿ ಮಾತ್ರ ಮುಂದಕ್ಕೆ ಜಾರಿ ಎಲ್ಲೋ ತಗುಲಿ ‘ಟಕ್’ ಎಂದರೆ ಹಬ್‌ನೊಳಗಿನ ರಬ್ಬರು ಸವೆದಿದೆ ಎಂದೇ ಅರ್ಥ. ರಬ್ಬರು ಚೆನ್ನಾಗಿದ್ದರೆ ಗಾಲಿ ಸ್ವಲ್ಪ ಬಿಗಿಯಾಗಿ ಒತ್ತಿಕೊಂಡು ನಿಲ್ಲುತ್ತದೆ, ಸದ್ದು ಬರುವುದಿಲ್ಲ. ನನ್ನ ಬೈಕಿನಲ್ಲಿ ಟೈರಿನ ಅಂಚಿನಲ್ಲಿ ಅಳೆದಾಗ ಹೆಬ್ಬೆರಳಿನಗಲದಷ್ಟು ಆಟವಿತ್ತು.

ಎರಡನೆಯದು ಬೇರಿಂಗಿನದು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಸ್ಪ್ರಾಕೆಟಿನ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಕಣ್ಣಿಗೆ ಕಾಣುವಷ್ಟು ಓಲಾಟವಿದ್ದರೆ ಆಕ್ಸಲ್ಲಿನ (ಗಾಲಿಯ ನಡುವೆ ಹಾದಿರುವ ಸರಳಿನ) ನಟ್ ಸಡಿಲವಿರಬೇಕು, ಇಲ್ಲವೇ ಕಪ್ಲಿಂಗ್ ಬೇರಿಂಗ್ ಹೋಗಿರಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ ಹತ್ತಿರ ಸ್ವಿಂಗ್ ಆರ್ಮಿಗೆ (ಹಿಂದಿನ ಗಾಲಿಯನ್ನು ಹಿಡಿದಿರುವ ಕವೆಗೆ) ಒತ್ತಿ, ಹಿಡಿಯನ್ನು ಕಿವಿಗೆ ತಾಗಿಸಿ, ಮತ್ತೊಬ್ಬರಿಂದ ಗಾಲಿ ತಿರುಗಿಸಿದರೆ ಕೆಟ್ಟ ಬೇರಿಂಗಿನ ಗರಗರ ಸ್ಪಷ್ಟವಾಗಿ ಕೇಳುತ್ತದೆ. ದಾರಿಯ ಮೇಲೆಯೂ ಇದನ್ನು ಗುರುತಿಸಬಹುದು: ಇಳಿಜಾರಿನಲ್ಲಿ ಕ್ಲಚ್ ಹಿಡಿದಾಗ ಇಂಜಿನಿನ ಸದ್ದು ತಗ್ಗಿದರೂ ಗರಗರ ತಗ್ಗದೆ ಗಾಲಿಯ ವೇಗದೊಂದಿಗೇ ಏರುತ್ತಿದ್ದರೆ ದೋಷ ಇಂಜಿನ್ನಿನದಲ್ಲ, ಗಾಲಿಯದು.

ಮೂರನೆಯದು ಚೈನ್ ಮತ್ತು ಹಲ್ಲುಗಳದು. ಸ್ಪ್ರಾಕೆಟಿನ ಹಿಂಭಾಗದ ತುತ್ತತುದಿಯಲ್ಲಿ, ಅಂದರೆ ಆಕ್ಸಲ್ಲಿನ ನೇರಕ್ಕೆ ಹಿಂದೆ, ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಚೈನ್ ಎದ್ದು ಬಂದರೆ ಅದು ಸವೆದಿದೆ. ನಿಖರವಾಗಿ ತಿಳಿಯಬೇಕಿದ್ದರೆ ಅಳೆಯಬಹುದು. ನಮ್ಮ ಸಣ್ಣ ಬೈಕುಗಳಲ್ಲಿ ಹೆಚ್ಚಾಗಿರುವ 428 ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್ ಇರುತ್ತದೆ. ಆದ್ದರಿಂದ ಬಿಗಿಯಾಗಿ ಎಳೆದು ಹಿಡಿದ ಚೈನಿನ ಮೊದಲ ಪಿನ್ನಿನ ಮಧ್ಯದಿಂದ ಇಪ್ಪತ್ತೊಂದನೆಯ ಪಿನ್ನಿನ ಮಧ್ಯಕ್ಕೆ 254 ಮಿಲಿಮೀಟರ್ ಬರಬೇಕು. 259 ಬಂದರೆ ಶೇಕಡಾ 2ರಷ್ಟು ಉದ್ದವಾಗಿದೆ ಎಂದು ಲೆಕ್ಕ. ಅಂಥ ಚೈನನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಚೈನ್ ‘ಎಳೆದಿದೆ’ ಎಂದು ನಾವು ಹೇಳಿದರೂ ಕಬ್ಬಿಣ ಹಿಗ್ಗಿರುವುದಿಲ್ಲ. ಪ್ರತಿಯೊಂದು ಪಿನ್ನು, ಅದರ ಸುತ್ತಲಿನ ಬುಷ್ ಕೂದಲೆಳೆಯಷ್ಟು ತೇಯ್ದು, ಆ ತೇಯ್ತವೆಲ್ಲ ಕೂಡಿ ಉದ್ದವಾಗಿರುತ್ತದೆ.

ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಬರುತ್ತಿದ್ದರೆ ತಪ್ಪು ಚೈನಿನದೋ ಸ್ಪ್ರಾಕೆಟಿನದೋ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಸೀಮೆಸುಣ್ಣದ ತುಂಡೊಂದು ಸಾಕು. ಚೈನ್ ಅತ್ಯಂತ ಬಿಗಿಯಾಗಿ ನಿಂತ ಜಾಗದಲ್ಲಿ ಚೈನಿಗೂ, ಅದರ ಕೆಳಗಿನ ಹಲ್ಲಿಗೂ ಗುರುತು ಹಾಕಿ ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಗಾಲಿಯ ಪ್ರತಿ ಸುತ್ತಿಗೂ ಬಿಗಿ ಮರಳಿ ಬಂದರೆ ಹಿಂದಿನ ಸ್ಪ್ರಾಕೆಟ್ ಸೊಟ್ಟಗಾಗಿದೆ ಅಥವಾ ಕಪ್ಲಿಂಗ್ ಮೇಲೆ ಸರಿಯಾಗಿ ಕುಳಿತಿಲ್ಲ. ಚೈನಿನ ಗುರುತು ಒಂದು ಪೂರ್ತಿ ಸುತ್ತು ಬಂದಾಗ ಮಾತ್ರ ಬಿಗಿ ಬಂದರೆ ಚೈನಿನಲ್ಲಿಯೇ ಕೆಲವು ಕೊಂಡಿಗಳು ಜಂಗು ಹಿಡಿದು ಮಡಚದಂತಾಗಿವೆ. ಉದಾಹರಣೆಗೆ 112 ಕೊಂಡಿಗಳ ಚೈನ್, 42 ಹಲ್ಲಿನ ಸ್ಪ್ರಾಕೆಟ್ ಇದ್ದರೆ, ಚೈನ್ ಒಂದು ಸುತ್ತು ಬರುವುದರೊಳಗೆ ಗಾಲಿ ಎರಡು ಮುಕ್ಕಾಲಕ್ಕೆ ಸ್ವಲ್ಪ ಕಡಿಮೆ ಸುತ್ತಿರುತ್ತದೆ. ಹಾಗಾಗಿ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ.

ಇದೇ ‘ಟಕ್’ ಸದ್ದು ಹುಟ್ಟಬಹುದಾದ ಇನ್ನೆರಡು ಜಾಗಗಳನ್ನೂ ನೋಡಿಬಿಡಿ. ಮುಂದಿನ ಸಣ್ಣ ಸ್ಪ್ರಾಕೆಟಿನ ಕವರ್ ತೆಗೆದು, ಅದು ಶಾಫ್ಟಿನ ಮೇಲೆ ಅಲುಗಾಡುತ್ತಿದೆಯೇ, ಅದರ ಲಾಕ್ ಪ್ಲೇಟಿನ ಬೋಲ್ಟುಗಳು ಗಟ್ಟಿಯಿವೆಯೇ ಎಂದು ಪರೀಕ್ಷಿಸಿ. ಕಡ್ಡಿಗಳಿರುವ ಗಾಲಿಯಾದರೆ ಒಂದೊಂದು ಕಡ್ಡಿಗೂ ಸಣ್ಣ ಸ್ಪ್ಯಾನರಿನಿಂದ ತಟ್ಟಿ. ಉಳಿದವು ಟಿಣ್ ಎನ್ನುವಾಗ ಸಡಿಲ ಕಡ್ಡಿ ಮಂಕಾಗಿ ನುಡಿಯುತ್ತದೆ.

ನಮ್ಮ ಕಡೆ ಇದು ಬೇಗ ಕೆಡುವುದಕ್ಕೆ ಕಾರಣ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಘಟ್ಟದಂಚಿನ ಊರುಗಳೂ ಇದಕ್ಕೆ ದೂರವಲ್ಲ. ನೀರೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿರುವ ನುಣುಪಾದ ಮರಳು ಗ್ರೀಸಿನೊಂದಿಗೆ ಸೇರಿ, ಸಾಣೆ ಕಲ್ಲಿಗೆ ಹಚ್ಚುವ ಕೆಸರಿನಂತಾಗಿ, ಚೈನ್ ಓಡಿದಷ್ಟೂ ಪಿನ್ನು, ಹಲ್ಲು, ಸೀಲಿನ ತುಟಿಗಳನ್ನು ತೇಯುತ್ತದೆ. ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಬೈಕಾದರೆ ಕವರಿನ ತಳದಲ್ಲಿರುವ ನೀರು ಇಳಿಯುವ ತೂತು ಕೆಸರಿನಿಂದ ಮುಚ್ಚಿ, ಒಳಗೆ ನಿಂತ ಕೆಂಪು ರಾಡಿಯಲ್ಲಿಯೇ ಚೈನ್ ಮುಳುಗಿ ಏಳುತ್ತಿರುತ್ತದೆ. ಕವರ್ ಇರುವುದರಿಂದ ಚೈನ್ ಸುರಕ್ಷಿತ ಎಂಬ ನಂಬಿಕೆ ಮಳೆಗಾಲದಲ್ಲಿ ಪೂರ್ತಿ ನಿಜವಲ್ಲ. ತೂತನ್ನು ವಾರಕ್ಕೊಮ್ಮೆ ಕಡ್ಡಿ ಹಾಕಿ ಬಿಡಿಸಿದರೆ ಮಾತ್ರ ನಿಜ.

ಅಡಿಕೆ ಬೆಳೆಗಾರರ ಬೈಕುಗಳಿಗೆ ಇನ್ನೊಂದು ಕಂಟಕವಿದೆ. ಕೊಳೆ ರೋಗಕ್ಕೆ ಹೊಡೆಯುವ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಕ್ಯಾನುಗಳನ್ನು, ಮೈಲುತುತ್ತದ ಚೀಲವನ್ನು ನಾವು ಕ್ಯಾರಿಯರಿನ ಮೇಲೆಯೇ ಸಾಗಿಸುತ್ತೇವೆ. ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಅದರಲ್ಲಿ ಕತ್ತಿಯ ಅಲಗನ್ನು ಅದ್ದುವುದು ಎಲ್ಲರಿಗೂ ಗೊತ್ತು. ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ. ಮೈಲುತುತ್ತ ಕಬ್ಬಿಣವನ್ನು ಕರಗಿಸಿಕೊಂಡು ಆ ಜಾಗದಲ್ಲಿ ತಾಮ್ರವನ್ನು ಬಿಡುತ್ತದೆ ಎಂಬುದೇ ಆ ಪರೀಕ್ಷೆಯ ಗುಟ್ಟು. ಕ್ಯಾನಿನಿಂದ ಚೈನಿನ ಮೇಲೆ ತೊಟ್ಟಿಕ್ಕಿದ ಮೈಲುತುತ್ತದ ನೀರು ಮಾಡುವುದೂ ಅದನ್ನೇ. ಇತ್ತ ಸುಣ್ಣದ ನೀರು ಹಬ್‌ನ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಔಷಧಿ ಸಾಗಿಸಿದ ದಿನ ಗಾಲಿಯ ಭಾಗಕ್ಕೆ ಎರಡು ಬಕೆಟ್ ಸಾದಾ ನೀರು ಹಾಕಿ ತೊಳೆಯಿರಿ.

ವಾಟರ್ ಸರ್ವೀಸಿನಲ್ಲಿ ಜೋರಾದ ನೀರನ್ನು ನೇರವಾಗಿ ಆಕ್ಸಲ್ಲಿನ ಪಕ್ಕಕ್ಕೆ ಹಿಡಿಯುವುದೂ ಒಳ್ಳೆಯದಲ್ಲ. ಆಯಿಲ್ ಸೀಲ್ ಇರುವುದು ರಸ್ತೆಯಿಂದ ಎರಚುವ ನೀರನ್ನು ತಡೆಯಲು. ಪಂಪಿನ ಒತ್ತಡದ ನೀರು ಅದರ ತುಟಿಯನ್ನು ಎತ್ತಿ ಮಣ್ಣಿನೊಂದಿಗೆ ಒಳಗೆ ನುಗ್ಗುತ್ತದೆ.

ಬಿಚ್ಚುವುದು

ಆಕ್ಸಲ್ ನಟ್‌ಗೆ ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಸ್ಪ್ರಾಕೆಟ್ ನಟ್‌ಗಳಿಗೆ ಬಾಕ್ಸ್ ಸ್ಪ್ಯಾನರ್, ನೋಸ್ ಪ್ಲೇಯರ್, ಸುತ್ತಿಗೆ, ಸಣ್ಣ ಉಳಿ, ಅಡಿಕೆ ಮರ ಸೀಳಿದ ದಬ್ಬೆಯ ಒಂದು ತುಂಡು, ಹಳೆಯ ಹಲ್ಲುಜ್ಜುವ ಬ್ರಷ್, ಗ್ರೀಸ್, ಸೀಮೆಎಣ್ಣೆ ಸಿಗದಿದ್ದರೆ ಅರ್ಧ ಲೀಟರ್ ಡೀಸೆಲ್: ಇಷ್ಟು ಕೈಗೆ ಸಿಗುವಂತಿರಲಿ. ಬಿಚ್ಚಿದ ಸಾಮಾನು ಇಡುವುದಕ್ಕೆ ನಾನು ಬಳಸುವುದು ಉದ್ದನೆಯ ಅಡಿಕೆ ಹಾಳೆಯನ್ನು. ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತ ಹೋದರೆ, ಜೋಡಿಸುವಾಗ ಬಲದಿಂದ ಎಡಕ್ಕೆ ಎತ್ತಿಕೊಂಡು ಬರಬಹುದು. ಹಾಳೆಯ ಮಡಿಚಿದ ಅಂಚು ವಾಷರುಗಳು ಉರುಳಿ ಹೋಗದಂತೆ ತಡೆಯುತ್ತದೆ. ಬುಷ್‌ಗಳು ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಉದ್ದದವಾಗಿರುತ್ತವೆ. ಅವನ್ನು ಅದಲು ಬದಲು ಮಾಡಿದರೆ ಗಾಲಿ ಒಂದು ಕಡೆಗೆ ಸರಿದು ಚೈನ್ ಓರೆಯಾಗಿ ಓಡುತ್ತದೆ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಚೈನ್ ಕವರ್ ತೆಗೆದ ನಂತರ, ಗಾಲಿ ಬೈಕಿನಲ್ಲಿ ಇರುವಾಗಲೇ ಎರಡು ಕೆಲಸ ಮುಗಿಸಿಕೊಳ್ಳಬೇಕು. ಒಂದು, ಆಕ್ಸಲ್ ನಟ್ಟನ್ನು ಸ್ವಲ್ಪ ಸಡಿಲಿಸುವುದು. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಅದನ್ನು ಮೊದಲು ಎಳೆದು ತೆಗೆಯಬೇಕು. ಇನ್ನೊಂದು, ಒಬ್ಬರು ಹಿಂದಿನ ಬ್ರೇಕನ್ನು ಒತ್ತಿ ಹಿಡಿದಿರುವಾಗ ಸ್ಪ್ರಾಕೆಟ್ ನಟ್‌ಗಳನ್ನೆಲ್ಲ ಕಾಲು ಸುತ್ತು ಸಡಿಲಿಸುವುದು. ಕೆಲವು ಬೈಕುಗಳಲ್ಲಿ ಈ ನಟ್‌ಗಳ ಅಡಿಯಲ್ಲಿ ನಾಲಿಗೆಯಂಥ ಲಾಕ್ ವಾಷರ್ ಇದ್ದು, ಅದರ ಅಂಚನ್ನು ನಟ್ಟಿನ ಮೈಗೆ ಮಡಚಿರುತ್ತಾರೆ. ಮೊದಲು ಅದನ್ನು ಉಳಿಯಿಂದ ಚಪ್ಪಟೆ ಮಾಡಬೇಕು. ಗಾಲಿ ಬಿಚ್ಚಿದ ಮೇಲೆ ಕೈಯಲ್ಲಿ ಹಿಡಿದು ಈ ನಟ್‌ಗಳನ್ನು ಬಿಡಿಸಲು ಹೋದರೆ ಗಾಲಿ ತಿರುಗುತ್ತದೆ, ಸ್ಪ್ಯಾನರ್ ಜಾರುತ್ತದೆ, ಗೆಣ್ಣು ಕಿತ್ತು ಹೋಗುತ್ತದೆ.

ಆಮೇಲೆ ಚೈನಿನ ಬಿಗಿ ಹೊಂದಿಸುವ ಅಡ್ಜಸ್ಟರಿನ ಎರಡೂ ಬದಿಯ ಗುರುತುಗಳು ಎಷ್ಟನೆಯ ಗೆರೆಯಲ್ಲಿವೆ ಎಂದು ಬರೆದಿಟ್ಟುಕೊಳ್ಳಿ. ಬ್ರೇಕ್ ರಾಡಿನ ನಟ್ ಬಿಚ್ಚಿ, ಸ್ಪ್ರಿಂಗ್ ಮತ್ತು ಉರುಟು ಪಿನ್ನನ್ನು ಕಳೆಯದಂತೆ ರಾಡಿನ ಮೇಲೆಯೇ ಹಾಕಿ ನಟ್ಟನ್ನು ಎರಡು ಸುತ್ತು ಮರಳಿ ತಿರುಗಿಸಿಡಿ. ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡಿನ ಬೋಲ್ಟನ್ನೂ ಬಿಚ್ಚಿ. ಚೈನಿನ ಎರಡು ತುದಿಗಳನ್ನು ಜೋಡಿಸುವ ಚೈನ್ ಲಾಕ್ ತೆಗೆಯುವಾಗ ಸಣ್ಣ ಕ್ಲಿಪ್ ಸಿಡಿದು ಹುಲ್ಲಿಗೆ ಬಿದ್ದರೆ ಸಿಗುವುದಿಲ್ಲ, ಹೆಬ್ಬೆರಳು ಅಡ್ಡ ಹಿಡಿದುಕೊಳ್ಳಿ. ಆಕ್ಸಲ್ಲನ್ನು ನೇರವಾಗಿ ಸುತ್ತಿಗೆಯಿಂದ ಹೊಡೆಯಬಾರದು. ತಿರುಪಿನ ತುದಿ ಚಪ್ಪಟೆಯಾದರೆ ನಟ್ ಕೂರುವುದಿಲ್ಲ. ದಬ್ಬೆಯ ತುಂಡನ್ನು ಅಡ್ಡ ಇಟ್ಟು ಮೆಲ್ಲಗೆ ಹೊಡೆದು, ಇನ್ನೊಂದು ಬದಿಯಿಂದ ತಿರುಗಿಸುತ್ತ ಎಳೆದರೆ ಬರುತ್ತದೆ.

ಇಲ್ಲಿ ಬೈಕುಗಳಲ್ಲಿ ಎರಡು ಬಗೆಯಿದೆ. ಕೆಲವುಗಳಲ್ಲಿ ಸ್ಪ್ರಾಕೆಟ್ ಮತ್ತು ಕಪ್ಲಿಂಗ್ ಗಾಲಿಯ ಜೊತೆಗೇ ಹೊರಬರುತ್ತವೆ. ಇನ್ನು ಕೆಲವುಗಳಲ್ಲಿ ಅವನ್ನು ದೊಡ್ಡ ಸ್ಲೀವ್ ನಟ್ ಸ್ವಿಂಗ್ ಆರ್ಮಿಗೆ ಬೇರೆಯಾಗಿ ಹಿಡಿದಿರುತ್ತದೆ. ಅಂಥವುಗಳಲ್ಲಿ ಗಾಲಿ ಮಾತ್ರ ಬಲಕ್ಕೆ ಸರಿದು ಈಚೆ ಬರುತ್ತದೆ, ಚೈನ್ ಮತ್ತು ಸ್ಪ್ರಾಕೆಟ್ ಅಲ್ಲಿಯೇ ಉಳಿಯುತ್ತವೆ. ಎರಡನೆಯ ಬಗೆಯಲ್ಲಿ ರಬ್ಬರನ್ನಷ್ಟೇ ನೋಡಬೇಕಿದ್ದರೆ ಚೈನ್ ಬಿಚ್ಚುವ ಅಗತ್ಯವೇ ಇಲ್ಲ.

ಕಪ್ಲಿಂಗನ್ನು ಹಬ್‌ನಿಂದ ಬೇರೆ ಮಾಡುವಾಗ ಎರಡೂ ಕೈಯಲ್ಲಿ ಸ್ಪ್ರಾಕೆಟಿನ ಅಂಚು ಹಿಡಿದು, ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಎತ್ತುತ್ತ ನೇರವಾಗಿ ಎಳೆಯಿರಿ. ಬಾರದಿದ್ದರೆ ಸಾಬೂನು ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಹಬ್‌ನ ತುಟಿ ಮುರಿಯುತ್ತದೆ, ಹಬ್‌ನ ಬೆಲೆ ರಬ್ಬರಿನ ಹತ್ತಾರು ಪಟ್ಟು.

ಒಳಗೆ ಕಂಡದ್ದು

ನನ್ನ ಬೈಕಿನ ಕಪ್ಲಿಂಗ್ ಕಿತ್ತು ಬಂದಾಗ ಮೊದಲು ಬಿದ್ದದ್ದು ಕಪ್ಪು ಪುಡಿ, ರಬ್ಬರಿನ ಪುಡಿ. ನಾಲ್ಕು ಗೂಡುಗಳಲ್ಲಿ ಎರಡರ ರಬ್ಬರು ಹೆಬ್ಬೆರಳಿನಿಂದ ಒತ್ತಿದರೆ ಒದ್ದೆ ಬೆಲ್ಲದಂತೆ ಮುರಿಯುತ್ತಿತ್ತು. ಉಳಿದೆರಡು ಒಂದು ಬದಿಯಲ್ಲಿ ಮಾತ್ರ ತೆಳ್ಳಗಾಗಿದ್ದವು. ಕಪ್ಲಿಂಗಿನ ರೆಕ್ಕೆಗಳ ಮೇಲೆ ಲೋಹಕ್ಕೆ ಲೋಹ ತಾಗಿದ ಹೊಳಪು ಗುರುತು ಇತ್ತು. ‘ಟಕ್’ ಸದ್ದು ಹುಟ್ಟುತ್ತಿದ್ದುದು ಅಲ್ಲಿ. ಇಂಜಿನ್ ಒಮ್ಮೆಲೇ ಎಳೆದಾಗ ಆ ಹೊಡೆತವನ್ನು ನುಂಗುವುದು ಈ ರಬ್ಬರಿನ ಕೆಲಸ. ಅದು ಹೋದರೆ ಪ್ರತಿ ಹೊಡೆತವೂ ನೇರವಾಗಿ ಚೈನಿಗೆ, ಗೇರ್ ಬಾಕ್ಸಿಗೆ ತಲುಪುತ್ತದೆ. ಹಾಗಾಗಿ ಹಳೆಯ ರಬ್ಬರಿನ ಮೇಲೆ ಹೊಸ ಚೈನ್ ಸೆಟ್ ಹಾಕಿದರೆ ಅದೂ ಬೇಗ ಸವೆಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಮೂರು ವಾರದ ಹಿಂದಷ್ಟೇ ಹಾಕಿದ ಬೇರಿಂಗಿನ ಒಳಬಳೆಗೆ ಬೆರಳು ತೂರಿಸಿ ತಿರುಗಿಸಿದರೆ ಹಲ್ಲು ಹಲ್ಲಾಗಿ ತಡೆಯುತ್ತಿತ್ತು, ಗುಂಡುಗಳ ಓಟದ ಹಾದಿಯಲ್ಲಿ ಗುಳಿ ಬಿದ್ದಿತ್ತು. ಬೇರಿಂಗ್ ನಕಲಿ ಎಂದು ಮೊದಲು ಅನ್ನಿಸಿತು. ಆದರೆ ಹಾಳೆಯ ಮೇಲಿನ ಸಾಮಾನುಗಳನ್ನು ಎಣಿಸಿದಾಗ ಒಂದು ಕಡಿಮೆಯಿತ್ತು: ಕಪ್ಲಿಂಗ್ ಬೇರಿಂಗಿಗೂ ಗಾಲಿಯ ಬೇರಿಂಗಿಗೂ ನಡುವೆ ಇರಬೇಕಾದ ಬುಷ್ ಇರಲಿಲ್ಲ. ಬೇರಿಂಗ್ ಬದಲಾಯಿಸಿದವರು ಹಳೆಯದರೊಂದಿಗೆ ಅದನ್ನೂ ತೆಗೆದು, ಮರಳಿ ಹಾಕುವುದನ್ನು ಮರೆತಿದ್ದರು.

ಈ ಬುಷ್ ನೋಡಲು ಬರೀ ಒಂದು ಕೊಳವೆಯ ತುಂಡು. ಅದರ ಕೆಲಸ ಹೀಗಿದೆ: ಆಕ್ಸಲ್ ನಟ್ಟನ್ನು ಬಿಗಿ ಮಾಡಿದಾಗ ಆ ಒತ್ತಡ ಬೇರಿಂಗಿನ ಒಳಬಳೆಯಿಂದ ಬುಷ್‌ಗೆ, ಬುಷ್‌ನಿಂದ ಮುಂದಿನ ಬೇರಿಂಗಿನ ಒಳಬಳೆಗೆ, ಹೀಗೆ ಒಂದು ಗಟ್ಟಿ ಕಂಬದಂತೆ ಹಾದು ಹೋಗಬೇಕು. ಬುಷ್ ಇಲ್ಲದಿದ್ದರೆ ಕಂಬದ ನಡುವೆ ತೆರಪು ಉಂಟಾಗಿ, ನಟ್ ಬಿಗಿದಂತೆಲ್ಲ ಒಳಬಳೆ ಪಕ್ಕಕ್ಕೆ ಸರಿಯುತ್ತದೆ. ಹೊರಬಳೆ ಮಾತ್ರ ತನ್ನ ಗೂಡಿನಲ್ಲಿ ನಿಂತಿರುತ್ತದೆ. ನಡುವಿನ ಗುಂಡುಗಳು ಎರಡರ ಅಂಚಿಗೆ ಸಿಕ್ಕಿ ಹಿಂಡಲ್ಪಡುತ್ತವೆ. ಅಂಥ ಬೇರಿಂಗ್ ಎಷ್ಟೇ ಒಳ್ಳೆಯ ಕಂಪನಿಯದಾಗಿದ್ದರೂ ಬಾಳುವುದಿಲ್ಲ. ಬೇರಿಂಗ್ ಪದೇ ಪದೇ ಹೋಗುತ್ತಿದೆ ಎನ್ನುವವರು ಮೊದಲು ಈ ಬುಷ್ ಇದೆಯೇ, ಅದರ ತುದಿಗಳು ತೇಯ್ದು ಗಿಡ್ಡವಾಗಿವೆಯೇ ಎಂದು ನೋಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಯಿಲ್ ಸೀಲಿನ ಸುತ್ತ ಅಡಿಕೆ ಸಿಪ್ಪೆಯ ನಾರು, ಚೀಲದ ಪ್ಲಾಸ್ಟಿಕ್ ಎಳೆ ಸುತ್ತಿಕೊಂಡಿದೆಯೇ ಎಂದೂ ನೋಡಿ. ಸುತ್ತಿದ ಎಳೆ ಗಾಲಿ ತಿರುಗಿದಂತೆ ಬಿಗಿಯಾಗಿ ಸೀಲಿನ ತುಟಿಯನ್ನು ಕತ್ತರಿಸುತ್ತದೆ. ಹೊರಗಿನಿಂದ ನೋಡಿದರೆ ಕೆಸರಿನ ಉಂಡೆಯಂತೆ ಮಾತ್ರ ಕಾಣುತ್ತದೆ.

ಸ್ಪ್ರಾಕೆಟಿನ ಹಲ್ಲುಗಳು ಎರಡೂ ಬದಿಗೆ ಸಮವಾಗಿರಬೇಕು. ಕುಡುಗೋಲಿನ ತುದಿಯಂತೆ ಒಂದೇ ಕಡೆಗೆ ಬಾಗಿದ್ದರೆ, ಅಥವಾ ಚೂಪಾಗಿದ್ದರೆ, ಚೈನ್ ಮತ್ತು ಎರಡೂ ಸ್ಪ್ರಾಕೆಟುಗಳನ್ನು ಒಟ್ಟಿಗೇ ಬದಲಾಯಿಸಬೇಕು. ಅಂಥ ಹಲ್ಲುಗಳನ್ನಿಟ್ಟುಕೊಂಡು ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುವಾಗ ಚೈನ್ ಹಲ್ಲು ದಾಟಿ ಜಿಗಿಯುವುದು ಅಪಾಯದ ಸಂಗತಿ. ಹಲ್ಲಿನ ಬದಿಯಲ್ಲಿ, ಒಳಮೈಯಲ್ಲಿ ಮಾತ್ರ ತೇಯ್ದ ಹೊಳಪಿದ್ದರೆ ಗಾಲಿ ನೇರವಿಲ್ಲವೆಂದು ತಿಳಿಯಬೇಕು.

ತೊಳೆಯುವುದು

ಒಣಗಿದ ಗ್ರೀಸ್ ಕೆಸರನ್ನು ಮೊದಲು ಬಿದಿರಿನ ಚಕ್ಕೆಯಿಂದ ಕೆರೆದು ತೆಗೆಯಿರಿ. ಕಬ್ಬಿಣದ ಉಳಿಯಿಂದ ಕೆರೆದರೆ ಸೀಲ್ ಕೂರುವ ಜಾಗದಲ್ಲಿ ಗೀರು ಬೀಳುತ್ತದೆ. ಸ್ಪ್ರಾಕೆಟ್, ನಟ್‌ಗಳು, ಬುಷ್‌ಗಳು, ಆಕ್ಸಲ್ಲನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಿ. ಚೈನಿನ ಕೊಂಡಿಗಳ ನಡುವೆ ಕಪ್ಪು ರಬ್ಬರ್ ಉಂಗುರಗಳು ಕಾಣುತ್ತಿದ್ದರೆ ಅದು ಓ-ರಿಂಗ್ ಚೈನ್. ಅದಕ್ಕೆ ಪೆಟ್ರೋಲ್ ಮತ್ತು ವೈರ್ ಬ್ರಷ್ ಎರಡೂ ಬೇಡ. ಹಬ್‌ನ ರಬ್ಬರುಗಳಿಗೆ ಯಾವ ಎಣ್ಣೆಯನ್ನೂ ತಾಗಿಸದೆ ಸಾಬೂನು ನೀರಿನಲ್ಲಿಯೇ ತೊಳೆಯಬೇಕು, ಏಕೆಂದರೆ ಡೀಸೆಲ್, ಪೆಟ್ರೋಲ್ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಎರಡೂ ಬದಿ ಮುಚ್ಚಿದ ಬೇರಿಂಗನ್ನು ಎಣ್ಣೆಯಲ್ಲಿ ಮುಳುಗಿಸಬೇಡಿ. ಒಳಗಿನ ಗ್ರೀಸ್ ಕರಗಿದರೆ ಮತ್ತೆ ತುಂಬಲಾಗದು. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಡ್ರಮ್ಮಿಗಾಗಲಿ ಬ್ರೇಕ್ ಲೈನಿಂಗಿಗಾಗಲಿ ಎಣ್ಣೆಯ ಕೈ ತಾಗಕೂಡದು.

ಮಳೆಗಾಲದಲ್ಲಿ ಯಾವುದನ್ನು ಒಣಗಿಸಬೇಕಾದರೂ ಬಚ್ಚಲ ಒಲೆಯ ಹತ್ತಿರ ಇಡುವುದು ನಮ್ಮೆಲ್ಲರ ರೂಢಿ. ಎಣ್ಣೆಯಲ್ಲಿ ತೊಳೆದ ಸಾಮಾನುಗಳನ್ನೂ, ಎಣ್ಣೆ ಒರೆಸಿದ ಬಟ್ಟೆಯನ್ನೂ ಅಲ್ಲಿಗೆ ಒಯ್ಯಬೇಡಿ. ಬಟ್ಟೆಯಿಂದ ಒರೆಸಿ ಗಾಳಿಗೆ ಬಿಟ್ಟರೆ ಸಾಕು. ತೊಳೆದ ಕಪ್ಪು ಎಣ್ಣೆಯನ್ನು ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದಿಟ್ಟು ಗ್ಯಾರೇಜಿನ ಹಳೆಯ ಆಯಿಲಿನ ಜೊತೆ ಸೇರಿಸಿ.

ಜೋಡಿಸುವುದು

ಬೇರಿಂಗ್ ಬದಲಾಯಿಸಬೇಕಿದ್ದರೆ ಹಳೆಯದರ ಮೇಲೆ ಕೊರೆದಿರುವ ಸಂಖ್ಯೆಯನ್ನೇ ಕೇಳಿ ತರಬೇಕು. 6202ರ ಒಳತೂತು 15 ಮಿಲಿಮೀಟರ್, 6203ರದು 17, 6204ರದು 20. ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಸಂಖ್ಯೆಯ ನಂತರ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್, ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ನಮ್ಮ ಮಳೆಗೆ ರಬ್ಬರ್ ಸೀಲಿನದೇ ಮೇಲು ಎಂದು ನಾನು ಕಂಡುಕೊಂಡಿದ್ದೇನೆ. ಬೇರಿಂಗನ್ನು ಕೂರಿಸುವಾಗ ಹೊಡೆತ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಅದಕ್ಕೆ ಹಳೆಯ ಬೇರಿಂಗನ್ನೇ ಮೇಲಿಟ್ಟು ಸುತ್ತಲೂ ಸಮವಾಗಿ ತಟ್ಟಬಹುದು. ಅದು ಗೂಡಿನೊಳಗೆ ಸಿಕ್ಕಿಕೊಳ್ಳುವ ಮೊದಲು ನಿಲ್ಲಿಸಿ. ಕೆಲವು ಕಪ್ಲಿಂಗುಗಳಲ್ಲಿ ಬೇರಿಂಗನ್ನು ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಉಂಗುರ ಹಿಡಿದಿರುತ್ತದೆ, ಅದು ತನ್ನ ತೋಡಿನಲ್ಲಿ ಪೂರ್ತಿ ಕುಳಿತಿದೆಯೇ ಎಂದು ಬೆರಳಾಡಿಸಿ ನೋಡಿ. ನಂತರ ಬುಷ್, ಆಮೇಲೆ ಹೊಸ ಸೀಲ್. ಸೀಲಿನ ತುಟಿಗೆ ಗ್ರೀಸ್ ಹಚ್ಚದೆ ಹಾಕಿದರೆ ಬೇಗ ಹಾಳಾಗುತ್ತದೆ.

ಹೊಸ ರಬ್ಬರುಗಳನ್ನು ಗೂಡಿನಲ್ಲಿ ಕೂರಿಸಿ, ಸಾಬೂನು ನೀರು ಸವರಿ ಕಪ್ಲಿಂಗನ್ನು ಒತ್ತಿ. ಬಿಗಿಯಾಗಿ ಹೋದರೆ ಸಂತೋಷಪಡಿ. ಸಡಿಲವಾಗಿ ಜಾರಿದರೆ ರಬ್ಬರು ಬೇರೆ ಮಾಡೆಲಿನದು. ಸ್ಪ್ರಾಕೆಟ್ ನಟ್‌ಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ, ಎದುರು ಬದುರಾಗಿ ಮೂರು ಹಂತಗಳಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ಸ್ಪ್ರಾಕೆಟ್ ಓರೆಯಾಗಿ ಕುಳಿತು, ಚೈನಿನಲ್ಲಿ ಮೊದಲು ಹೇಳಿದ ಬಿಗಿ-ಸಡಿಲ ಬರುತ್ತದೆ.

ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ತೆರೆದ ಬಾಯಿ ಹಿಂದಕ್ಕೆ. ಚೈನಿನ ಸಡಿಲ ಬೈಕಿನ ಜೊತೆ ಬಂದ ಕೈಪಿಡಿಯಲ್ಲಿ ಹೇಳಿದಷ್ಟಿರಲಿ. ಇಂಥ ಬೈಕುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಎಳೆಯ ನಡುವೆ 20ರಿಂದ 30 ಮಿಲಿಮೀಟರ್ ಇರುತ್ತದೆ. ಅಳೆಯುವುದು ಚೈನ್ ಅತ್ಯಂತ ಬಿಗಿಯಾಗಿ ಬರುವ ಜಾಗದಲ್ಲಿ. ಎರಡೂ ಬದಿಯ ಅಡ್ಜಸ್ಟರ್ ಗುರುತುಗಳು ಸಮವಿವೆಯೇ ಎಂದು ನೋಡಿ, ಹಿಂದಿನಿಂದ ಕುಳಿತು ಚೈನ್ ನೇರ ಗೆರೆಯಂತೆ ಮುಂದಕ್ಕೆ ಹೋಗುತ್ತಿದೆಯೇ ಎಂದು ಕಣ್ಣಳತೆ ಮಾಡಿ. ಆಕ್ಸಲ್ ನಟ್ಟನ್ನು ಕೊನೆಯ ಬಾರಿ ಬಿಗಿಯುವಾಗ ಬ್ರೇಕ್ ಒತ್ತಿ ಹಿಡಿದಿದ್ದರೆ ಬ್ರೇಕ್ ಪ್ಲೇಟ್ ಡ್ರಮ್ಮಿನ ನಡುವೆ ಸರಿಯಾಗಿ ನಿಲ್ಲುತ್ತದೆ. ಟಾರ್ಕ್ ರಾಡಿನ ಬೋಲ್ಟನ್ನು ಹಾಕಲು ಮರೆತರೆ ಮೊದಲ ಜೋರು ಬ್ರೇಕಿಗೆ ಪ್ಲೇಟ್ ಸುತ್ತಿಕೊಂಡು ಗಾಲಿ ಕಚ್ಚುತ್ತದೆ. ಹಾಗಾಗಿ ಅದನ್ನು ಎರಡು ಸಲ ನೋಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಬ್ರೇಕ್ ಪೆಡಲಿನ ಆಟ ಸರಿಪಡಿಸಿ, ಪೆಡಲ್ ಒತ್ತಿದಾಗ ಹಿಂದಿನ ದೀಪ ಹೊತ್ತುವುದನ್ನೂ ಖಚಿತಪಡಿಸಿಕೊಳ್ಳಿ.

ಮೊದಲ ಓಟ ಸಮತಟ್ಟಾದ ದಾರಿಯಲ್ಲಿ, ನಿಧಾನವಾಗಿರಲಿ. ಹತ್ತು ನಿಮಿಷದ ನಂತರ ನಿಲ್ಲಿಸಿ, ಕೈಯನ್ನು ಮೊದಲು ಹಬ್‌ನ ಹತ್ತಿರ ಹಿಡಿದು, ಆಮೇಲೆ ಮೆಲ್ಲಗೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಒತ್ತಡದಲ್ಲಿದೆ, ಮತ್ತೆ ಬಿಚ್ಚಬೇಕು. ಸರಿಯಿದ್ದರೆ ಏರು ದಾರಿಯಲ್ಲಿ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಕೊಟ್ಟು ಬಿಟ್ಟು ಮಾಡಿ ಕೇಳಿ. 50 ಕಿಲೋಮೀಟರ್ ಆದ ಮೇಲೆ ಸ್ಪ್ರಾಕೆಟ್ ನಟ್‌ಗಳನ್ನೂ ಚೈನಿನ ಸಡಿಲವನ್ನೂ ಇನ್ನೊಮ್ಮೆ ನೋಡಿ, ನಾಲಿಗೆ ವಾಷರ್ ಇದ್ದರೆ ಆಗ ಅದರ ಅಂಚನ್ನು ಮಡಚಿಬಿಡಿ. ನಾನು ಈ ಕೆಲಸವನ್ನು ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ, ಅಡಿಕೆಗೆ ಎರಡನೆಯ ಸುತ್ತಿನ ಔಷಧಿ ಮುಗಿದ ಮೇಲೆ ಒಮ್ಮೆ ಇಟ್ಟುಕೊಂಡಿದ್ದೇನೆ. ಎರಡನೆಯ ಸಲ ಚೈನ್ ಬಿಚ್ಚುವುದಿಲ್ಲ, ಕವರ್ ತೆಗೆದು ರಾಡಿ ತೊಳೆದು, ಗಾಲಿಯನ್ನು ಮೊದಲನೆಯ ಗೇರಿನಲ್ಲಿ ಆಡಿಸಿ ನೋಡುತ್ತೇನೆ.